ಅಂತರಾಗ್ನಿ: ಮೈಸೂರು ಬೇರಿನ ಒಂದು ರಾಕ್ ಬ್ಯಾಂಡಿನ ಮೊದಲ ವರ್ಷಗಳು

‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ಬ್ಯಾಂಡಿನ ಮೊದಲ ಆಲ್ಬಮ್ 2008ರಲ್ಲಿ ಮುಂಬೈಯಿಂದ ಹೊರಬಂತು. ಅದಕ್ಕೆ ಇಟ್ಟ ಹೆಸರು ‘ಅಂತರಾಗ್ನಿ’. ಅಷ್ಟರಲ್ಲಾಗಲೇ ಚದುರಿಹೋಗಿದ್ದ ಹಳೆಯ ಬ್ಯಾಂಡಿನ ಹೆಸರದು. ಆಲ್ಬಮ್ಮಿನಲ್ಲಿದ್ದ ಹಾಡುಗಳಲ್ಲಿ ಹಲವು ಆ ಹಳೆಯ ಬ್ಯಾಂಡಿನ ಕಾಲದಲ್ಲಿ ಕಾಲೇಜು ಉತ್ಸವಗಳಲ್ಲಿ, ಬೆಂಗಳೂರಿನ ಬಯಲು ವೇದಿಕೆಗಳಲ್ಲಿ, ಸಣ್ಣಪುಟ್ಟ ಸಭಾಂಗಣಗಳಲ್ಲಿ ಹಾಡಿ ಹಾಡಿ ಪಳಗಿದ್ದವು. ವೇದಿಕೆಯಿಂದ ಡಿಸ್ಕಿಗೆ ಬರಲು ಅವಕ್ಕೆ ಹತ್ತಿರ ಹತ್ತಿರ ಹತ್ತು ವರ್ಷ ಹಿಡಿಯಿತು. ಸಿನಿಮಾದ ಹಂಗಿಲ್ಲದೆ, ಗಿಟಾರು ಡ್ರಮ್ಮು ಹಿಡಿದು, ಕನ್ನಡದ ತತ್ತ್ವಪದವನ್ನೂ ಹಾಡಿದ ಒಂದು ತಂಡ ಧ್ವನಿಮುದ್ರಣದವರೆಗೆ ಬಂದ ದಾರಿ ಯಾಕೆ ಅಷ್ಟು ಉದ್ದವಾಯಿತು ಎನ್ನುವುದು ಈ ಬ್ಯಾಂಡಿನ ಇತಿಹಾಸದ ತಿರುಳು.

ಕರ್ನಾಟಕದಲ್ಲಿ ರಾಕ್ ಸಂಗೀತ ಈ ತಂಡದಿಂದ ಶುರುವಾದದ್ದೇನಲ್ಲ. ಬೆಂಗಳೂರಿನ ದಂಡು ಪ್ರದೇಶದ ಕ್ಲಬ್ಬುಗಳಲ್ಲಿ, ಹೋಟೆಲುಗಳಲ್ಲಿ ಪಾಶ್ಚಾತ್ಯ ನೃತ್ಯಸಂಗೀತ ನುಡಿಸುವವರು ಹಿಂದಿನಿಂದಲೂ ಇದ್ದರು. 1970ರ ದಶಕದ ಆರಂಭದಲ್ಲಿ ‘ಹ್ಯೂಮನ್ ಬಾಂಡೇಜ್’ ಎಂಬ ತಂಡ ಬೆಂಗಳೂರನ್ನು ನೆಲೆ ಮಾಡಿಕೊಂಡು ದೇಶದ ನಾನಾ ನಗರಗಳಲ್ಲಿ ಹೆಸರು ಮಾಡಿತ್ತು. ಅದರ ಗಾಯಕಿ ರಾಧಾ ಥಾಮಸ್ ಮುಂದೆ ಜಾಸ್ ಹಾಡುಗಾರ್ತಿಯಾದರು. ಡ್ರಮ್ಸ್ ನುಡಿಸುತ್ತಿದ್ದ ರಮೇಶ್ ಶೋತಮ್ ಜರ್ಮನಿಗೆ ಹೋಗಿ ತಾಳವಾದ್ಯಗಾರರಾಗಿ ನೆಲೆನಿಂತರು. ಆ ಕಾಲದಲ್ಲಿ ರೆಕಾರ್ಡ್ ಕಂಪನಿಗಳು ಸಿನಿಮಾ ಹಾಡು, ಶಾಸ್ತ್ರೀಯ ಸಂಗೀತ, ಭಕ್ತಿಗೀತೆ ಬಿಟ್ಟು ಆಚೀಚೆ ನೋಡುತ್ತಿರಲಿಲ್ಲ. ರಾಕ್ ತಂಡಗಳ ಸದ್ದು ಹೆಚ್ಚಾಗಿ ಕೇಳಿದವರ ನೆನಪಿನಲ್ಲಷ್ಟೇ ಉಳಿಯಿತು.

1996ರಲ್ಲಿ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನಲ್ಲಿ ಹುಟ್ಟಿದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಈ ಸ್ಥಿತಿಯನ್ನು ಸ್ವಲ್ಪ ಬದಲಿಸಿತು. ಗಿಟಾರ್ ಹಿಡಿದು ಹಾಡುವ ಬ್ರೂಸ್ ಲೀ ಮಣಿ, ಡ್ರಮ್ಸ್ ನುಡಿಸುವ ರಾಜೀವ್ ರಾಜಗೋಪಾಲ್ ಮತ್ತು ಗೆಳೆಯರು ಕಂಪನಿಗಳ ಬಾಗಿಲು ಕಾಯುವುದನ್ನು ಬಿಟ್ಟು 2000ದಲ್ಲಿ ತಮ್ಮ ಮೊದಲ ಆಲ್ಬಮ್ ತಂದರು. 2002ರಲ್ಲಿ ‘ಜುಪಿಟರ್ ಕೆಫೆ’, 2005ರಲ್ಲಿ ‘ಪ್ಲಾನ್ ಬಿ’ ಬಂದವು. ಅವರ ಹಾಡುಗಳೆಲ್ಲ ಇಂಗ್ಲಿಷಿನವು. ಆದರೂ ಬೇರೆಯವರ ಪ್ರಸಿದ್ಧ ಹಾಡುಗಳನ್ನು ಯಥಾವತ್ತಾಗಿ ನುಡಿಸಿ ಚಪ್ಪಾಳೆ ಗಿಟ್ಟಿಸುವ ಅಭ್ಯಾಸದಿಂದ ಊರಿನ ತಂಡಗಳು ಹೊರಬರುವುದಕ್ಕೆ ಅವರ ಉದಾಹರಣೆ ನೆರವಾಯಿತು. ಅದೇ ವರ್ಷಗಳಲ್ಲಿ ಬೆಂಗಳೂರು ಹೊರದೇಶದ ದೊಡ್ಡ ತಂಡಗಳಿಗೂ ಮೆಚ್ಚಿನ ಊರಾಯಿತು. 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್, 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ಇಲ್ಲಿನ ಅರಮನೆ ಮೈದಾನದಲ್ಲಿ ಹಾಡಿದವು. ರಾಕ್ ಕೇಳುವ ಜನ ಸಾವಿರಗಟ್ಟಲೆ ಇದ್ದಾರೆ ಎಂಬುದಕ್ಕೆ ಇನ್ನು ಸಾಕ್ಷಿ ಬೇಕಿರಲಿಲ್ಲ. ಅವರು ಕನ್ನಡದಲ್ಲಿ ಕೇಳುತ್ತಾರೆಯೇ ಎಂಬ ಪ್ರಶ್ನೆಗೆ ಮಾತ್ರ ಇನ್ನೂ ಉತ್ತರ ಸಿಕ್ಕಿರಲಿಲ್ಲ.

ಆ ಉತ್ತರ ಹುಡುಕಿದವರು ಬೆಂಗಳೂರಿಗೆ ಬಂದದ್ದು ಮೈಸೂರಿನಿಂದ. ಅರಮನೆಯ ಊರಿಗೆ ಪಾಶ್ಚಾತ್ಯ ಸಂಗೀತ ಹೊಸದಲ್ಲ. ಒಡೆಯರ ಆಸ್ಥಾನದಲ್ಲಿ ವೀಣೆಯ ಜೊತೆಜೊತೆಗೇ ಪಾಶ್ಚಾತ್ಯ ವಾದ್ಯಗಳ ಬ್ಯಾಂಡೂ ಇತ್ತು. ಪಿಟೀಲಿಗೆ ಏಳು ತಂತಿ ಕಟ್ಟಿ ನುಡಿಸಿದ ಟಿ. ಚೌಡಯ್ಯ ಈ ಆಸ್ಥಾನದ ವಿದ್ವಾಂಸರು. ಜಯಚಾಮರಾಜ ಒಡೆಯರಂತೂ ರಷ್ಯಾದ ಸಂಯೋಜಕ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಮುಪ್ಪಿನ ದಿನ ಕಳೆಯುತ್ತಿದ್ದಾಗ ಆತನ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ಹಣ ಒದಗಿಸಿದರು. ಭಾರತದಲ್ಲಿ ಗ್ರಾಮಫೋನಿಗೆ ಹಾಡಿದ ಮೊದಲಿಗರಲ್ಲಿ ಒಬ್ಬರಾದ ಗೌಹರ್ ಜಾನ್ ಕೊನೆಯುಸಿರೆಳೆದದ್ದೂ ಇದೇ ಮೈಸೂರಿನಲ್ಲಿ, 1930ರಲ್ಲಿ. ಇವಕ್ಕೂ ಮುಂದಿನ ರಾಕ್ ಬ್ಯಾಂಡುಗಳಿಗೂ ನೇರ ನಂಟು ಕಟ್ಟಬೇಕಿಲ್ಲ. ಹೊರಗಿನ ವಾದ್ಯವನ್ನು ಮನೆಯೊಳಗೆ ಬಿಟ್ಟುಕೊಳ್ಳುವುದಕ್ಕೆ ಮೈಸೂರು ಎಂದೂ ಹಿಂಜರಿಯಲಿಲ್ಲ ಎನ್ನುವಷ್ಟು ಹೇಳಿದರೆ ಸಾಕು.

ರಘು ದೀಕ್ಷಿತ್ ಹುಟ್ಟಿದ್ದು 1974ರ ನವೆಂಬರ್ 11ರಂದು, ಮಹಾರಾಷ್ಟ್ರದ ನಾಸಿಕದಲ್ಲಿ. ಬೆಳೆದದ್ದು ಮೈಸೂರಿನಲ್ಲಿ, ಸಂಪ್ರದಾಯಸ್ಥ ಬ್ರಾಹ್ಮಣ ಕುಟುಂಬದಲ್ಲಿ. ಭರತನಾಟ್ಯದಲ್ಲಿ ವಿದ್ವತ್ ಪರೀಕ್ಷೆ ಮುಗಿಸಿದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸೂಕ್ಷ್ಮಜೀವಶಾಸ್ತ್ರದ ಸ್ನಾತಕೋತ್ತರ ಪದವಿಯನ್ನು ಚಿನ್ನದ ಪದಕದೊಂದಿಗೆ ಪಡೆದರು. ಗಿಟಾರ್ ಬಂದದ್ದು ಕಾಲೇಜಿಗೆ ಸೇರಿದ ಮೇಲೆ. ಗಂಡುಹುಡುಗ ಗೆಜ್ಜೆ ಕಟ್ಟುವುದನ್ನು ಸಹಪಾಠಿಯೊಬ್ಬ ಗೇಲಿ ಮಾಡಿದಾಗ, ಗಿಟಾರ್ ಕಲಿತು ತೋರಿಸುತ್ತೇನೆಂದು ಪಂಥ ಕಟ್ಟಿದ ಕಥೆಯನ್ನು ಅವರು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಪಂಥ ಮುಗಿದ ಮೇಲೂ ಗಿಟಾರ್ ಕೈಬಿಡಲಿಲ್ಲ, ಗೆಜ್ಜೆಯೂ ಕಾಲು ಬಿಡಲಿಲ್ಲ. ಮುಂದೆ ಇಂಗ್ಲೆಂಡಿನ ವೇದಿಕೆಗಳ ಮೇಲೂ ಕಸೂತಿ ಹಾಕಿದ ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿಕೊಂಡೇ ಅವರು ನಿಂತರು. ನೋಡುವವರ ಕಣ್ಣಿಗೆ ಅದು ಮೆರುಗಿನ ವೇಷ. ಕೇಳುವವರ ಕಿವಿಗೆ ಕುಣಿತದ ಲಯಕ್ಕೆ ಒದಗುವ ಮತ್ತೊಂದು ತಾಳವಾದ್ಯ.

ಓದು ಮುಗಿದ ಮೇಲೆ ಔಷಧ ಸಂಶೋಧನೆಯ ಕೆಲಸ ಅವರನ್ನು ಬೆಲ್ಜಿಯಂಗೆ ಕರೆದೊಯ್ದಿತು. ಅಲ್ಲಿನ ರೇಡಿಯೊ ಕೇಂದ್ರವೊಂದರಲ್ಲಿ ಅವರ ಹಾಡು ಪ್ರಸಾರವಾಯಿತು. ಭಾಷೆ ಅರಿಯದ ಕೇಳುಗರಿಂದ ಬಂದ ಮೆಚ್ಚುಗೆ ಪ್ರಯೋಗಾಲಯದ ವೃತ್ತಿಯನ್ನು ಬಿಟ್ಟು ಸಂಗೀತಕ್ಕೆ ಹೊರಳುವ ಧೈರ್ಯ ಕೊಟ್ಟಿತು. ಪರದೇಶದ ಒಂದು ಕಾರ್ಯಕ್ರಮದಿಂದ ಬದುಕಿನ ದಿಕ್ಕೇ ಬದಲಾಯಿತು ಎನ್ನುವುದು ಸ್ವಲ್ಪ ಸಿನಿಮೀಯವಾಗಿ ಕೇಳಿಸುತ್ತದೆ. ಆದರೆ ಮನೆಯಲ್ಲಿ, ಊರಲ್ಲಿ ಸಂಗೀತವನ್ನು ಹವ್ಯಾಸವೆಂದು ಸಹಿಸಿಕೊಳ್ಳುವವರೇ ಹೆಚ್ಚಾಗಿದ್ದ ಕಾಲದಲ್ಲಿ ಅಪರಿಚಿತರ ಮೆಚ್ಚುಗೆಗೆ ಬೇರೆಯೇ ತೂಕವಿರುತ್ತದೆ.

‘ಅಂತರಾಗ್ನಿ’ ತಂಡ ರೂಪುಗೊಂಡದ್ದು 1990ರ ದಶಕದ ಕೊನೆಯಲ್ಲಿ. ರಘು ಅವರ ಗಿಟಾರ್ ಮತ್ತು ಕಂಠದ ಜೊತೆ ಕರ್ನಾಟಕ ಸಂಗೀತದ ಪಿಟೀಲು ವಾದಕ ಎಚ್.ಎನ್. ಭಾಸ್ಕರ್ ಇದ್ದರು. ಬೆಂಗಳೂರಿನ ಉಳಿದ ತಂಡಗಳಿಗಿಂತ ಇದನ್ನು ಬೇರೆ ಮಾಡಿದ್ದು ಈ ಪಿಟೀಲೇ. ಆಗ ಊರಿನ ರಾಕ್ ತಂಡಗಳಲ್ಲಿ ಹಾಡಿನ ನಡುವಿನ ಉದ್ದದ ಏಕವಾದನ ಎಲೆಕ್ಟ್ರಿಕ್ ಗಿಟಾರಿನ ಸೊತ್ತು. ಅಂತರಾಗ್ನಿಯಲ್ಲಿ ಆ ಜಾಗಕ್ಕೆ ಗಮಕ ತುಂಬಿದ ಪಿಟೀಲು ಬಂದು ಕೂತಿತು. ಗಿಟಾರ್ ಹಿಂದೆ ಸರಿದು ಲಯ ಹಿಡಿಯಿತು. ಪಾಶ್ಚಾತ್ಯ ಸ್ವರಮೇಳ ಕ್ಷಣಕ್ಷಣಕ್ಕೂ ಬದಲಾಗುತ್ತ ಹೋದರೆ ಕರ್ನಾಟಕ ಸಂಗೀತ ಒಂದು ಆಧಾರಷಡ್ಜವನ್ನು ಬಿಗಿಯಾಗಿ ಹಿಡಿದಿರುತ್ತದೆ. ಎರಡನ್ನೂ ಒಂದೇ ಹಾಡಿನಲ್ಲಿ ಕೂರಿಸುವಾಗ ಒಬ್ಬರು ಇನ್ನೊಬ್ಬರಿಗೆ ಜಾಗ ಬಿಡಬೇಕು. ಸಮ್ಮಿಶ್ರ ಸಂಗೀತದ ಹೆಸರಲ್ಲಿ ಬಂದ ಎಷ್ಟೋ ಪ್ರಯೋಗಗಳು ಸೋತದ್ದು ಈ ಜಾಗ ಬಿಡುವ ವಿಷಯದಲ್ಲಿಯೇ. ಅಂತರಾಗ್ನಿಯ ಹಾಡುಗಳಲ್ಲಿ ಸ್ವರಮೇಳಗಳು ಸರಳ, ಸಂಖ್ಯೆಯಲ್ಲಿ ಕಡಿಮೆ. ಹಾಗಾಗಿ ಪಿಟೀಲಿಗೂ ಕಂಠಕ್ಕೂ ಓಡಾಡಲು ಬಯಲಿತ್ತು.

ತಂಡಕ್ಕೆ ಕೇಳುಗರು ಸಿಕ್ಕರು, ಕಂಪನಿ ಸಿಗಲಿಲ್ಲ. ಆ ಕಾಲದ ಮಾರುಕಟ್ಟೆಯನ್ನು ನೋಡಿದರೆ ಇದರಲ್ಲಿ ಅಚ್ಚರಿಯಿಲ್ಲ. ಕನ್ನಡದಲ್ಲಿ ಸಿನಿಮಾ ಬಿಟ್ಟರೆ ಗಟ್ಟಿಯಾಗಿ ನಿಂತಿದ್ದ ಧ್ವನಿಮುದ್ರಣ ಸಂಪ್ರದಾಯ ಭಾವಗೀತೆಯದು. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಬಂದು ಹಾದಿ ಮಾಡಿಕೊಟ್ಟ ಮೇಲೆ, ಕವಿಗಳ ಹೆಸರಲ್ಲೇ ಕ್ಯಾಸೆಟ್ಟುಗಳು ಮಾರಾಟವಾದವು. ಅಲ್ಲಿ ಕವಿ ಮುಖ್ಯ, ಆಮೇಲೆ ರಾಗ ಸಂಯೋಜಕ, ಆಮೇಲೆ ಗಾಯಕ. ಬ್ಯಾಂಡ್ ಎಂಬ ಕೂಟಕ್ಕೆ ಜಾಗವಿರಲಿಲ್ಲ. ಹಿಂದಿಯಲ್ಲಿ 1990ರ ದಶಕದಲ್ಲಿ ಟಿವಿ ವಾಹಿನಿಗಳ ಬೆನ್ನೇರಿ ಬಂದ ಇಂಡಿಪಾಪ್ ಅಲೆ 2000ದ ಹೊತ್ತಿಗೆ ಇಳಿಯತೊಡಗಿತ್ತು. ಇಂಗ್ಲಿಷಿನಲ್ಲಿ ಹಾಡುವವರಿಗೆ ಕಾಲೇಜು ಉತ್ಸವಗಳಾಚೆ ಕೊಳ್ಳುವವರು ವಿರಳ. ಅಂತರಾಗ್ನಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರನ್ನೂ ಒಂದೇ ಸಂಜೆ ಹಾಡುತ್ತಿತ್ತು. ಬೆಂಗಳೂರಿನ ಕೇಳುಗರಿಗೆ ಅದು ಸಹಜವೇ, ಅವರ ದಿನದ ಮಾತೇ ಹಾಗಿರುತ್ತದೆ. ಅಂಗಡಿಯ ಕಪಾಟಿನಲ್ಲಿ ಮಾತ್ರ ಭಾಷೆಗೊಂದು ಸಾಲು. ಈ ಡಿಸ್ಕನ್ನು ಯಾವ ಸಾಲಿನಲ್ಲಿ ಇಡುವುದು?

ಆದರೆ ಈ ತಂಡದ ಸಂಗ್ರಹದಲ್ಲಿ ಆ ಮಾರುಕಟ್ಟೆಗಿಂತ ಎಷ್ಟೋ ಹಳೆಯ ಸರಕಿತ್ತು. ಶಿಶುನಾಳ ಷರೀಫರು (1819–1889) ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ಸೀಮೆಯವರು. ಹುಟ್ಟಿನಿಂದ ಮುಸ್ಲಿಮರು; ಕಳಸದ ಗೋವಿಂದ ಭಟ್ಟರೆಂಬ ಬ್ರಾಹ್ಮಣ ಗುರುವಿನ ಶಿಷ್ಯರು. ಕಂಡದ್ದನ್ನೇ ಹಾಡು ಮಾಡಿದರು. ಸೋರುವ ಮಾಳಿಗೆ, ತಂಬಾಕಿನ ಗುಡುಗುಡಿ, ಬೀಸುವ ಕಲ್ಲು, ಸಂತೆಯ ಗದ್ದಲ, ಹೀಗೆ ಹೊಲಮನೆಯ ವಸ್ತುಗಳೇ ಅವರ ಹಾಡುಗಳಲ್ಲಿ ದೇಹ, ಮನಸ್ಸು, ಮಾಯೆಗಳ ಮಾತಾಡುತ್ತವೆ. ಮೊಹರಂ ಹೊತ್ತಿನಲ್ಲಿ ಹಾಡುವ ರಿವಾಯತ್ ಪದಗಳನ್ನೂ ಅವರು ಕಟ್ಟಿದರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಹಿಂದೂ ಮುಸ್ಲಿಮರಿಬ್ಬರ ಹಬ್ಬ. ರಾಯಚೂರು ಜಿಲ್ಲೆಯಲ್ಲಿ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ನೋಡಲು ದೂರದೂರದಿಂದ ಜನ ಬರುತ್ತಾರೆ. ಮಸ್ಕಿ, ಸಿಂಧನೂರು ಕಡೆಯ ಊರುಗಳಲ್ಲೂ ಏಕತಾರಿ, ದಮ್ಮಡಿ, ತಾಳ ಹಿಡಿದು ರಾತ್ರಿಯಿಡೀ ಭಜನೆಗೆ ಕೂರುವ ಮೇಳಗಳಲ್ಲಿ ತತ್ತ್ವಪದ ಬದುಕಿಕೊಂಡು ಬಂದಿದೆ. ಅದನ್ನು ಹಾಡಲು ಸಂಗೀತ ಪಾಠ ಬೇಕಿಲ್ಲ. ಒಬ್ಬರು ಎತ್ತುತ್ತಾರೆ, ಉಳಿದವರು ಪಲ್ಲವಿ ಹಿಡಿಯುತ್ತಾರೆ. ತಾಳ ನಿಧಾನವಾಗಿ ಏರುತ್ತ ಹೋಗುತ್ತದೆ.

ನಗರದ ಮಧ್ಯಮವರ್ಗಕ್ಕೆ ಷರೀಫರನ್ನು ತಲುಪಿಸಿದವರು ಸಿ. ಅಶ್ವಥ್. ಕ್ಯಾಸೆಟ್ಟುಗಳಲ್ಲಿ ಅವರ ಎತ್ತರದ, ಒರಟುತನ ಬಿಡದ ದನಿ ತತ್ತ್ವಪದವನ್ನು ಮನೆಮನೆಗೆ ಒಯ್ದಿತು. ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಷರೀಫ’ (1990) ಚಿತ್ರಕ್ಕೂ ಅವರದೇ ಸಂಗೀತ. ಆ ಚಿತ್ರದಲ್ಲಿ ಷರೀಫರ ಪಾತ್ರ ಮಾಡಿದ ಶ್ರೀಧರ್, ಗೋವಿಂದ ಭಟ್ಟರಾದ ಗಿರೀಶ ಕಾರ್ನಾಡ ಇಬ್ಬರನ್ನೂ ಜನ ಇಂದಿಗೂ ನೆನೆಯುತ್ತಾರೆ. ತೆರೆಯ ಮೇಲೆ ಷರೀಫರಾದ ಶ್ರೀಧರ್ ಕೂಡ ಭರತನಾಟ್ಯ ಕಲಾವಿದರು ಎನ್ನುವುದು ಕಾಕತಾಳೀಯ. ರಘು ದೀಕ್ಷಿತರ ತಲೆಮಾರು ಷರೀಫರನ್ನು ಕೇಳುತ್ತ ಬೆಳೆದದ್ದು ಈ ಕ್ಯಾಸೆಟ್ಟುಗಳಿಂದ, ಈ ಚಿತ್ರದಿಂದ.

ಹಾಗಾಗಿ ಷರೀಫರ ಪದವನ್ನು ಮತ್ತೆ ಹಾಡಹೊರಟವರ ಮುಂದೆ ಅಶ್ವಥ್ ಗೋಡೆಯಂತೆ ನಿಂತಿದ್ದರು. ಅವರ ಧಾಟಿಯಲ್ಲೇ ಹಾಡಿದರೆ ಅನುಕರಣೆ, ಧಾಟಿ ಬಿಟ್ಟರೆ ಜನ ಒಪ್ಪುವುದು ಕಷ್ಟ. ಬ್ಯಾಂಡು ಹಿಡಿದ ದಾರಿ ಅಕೌಸ್ಟಿಕ್ ಗಿಟಾರಿನದು. ‘ಗುಡುಗುಡಿಯಾ ಸೇದಿ ನೋಡೋ’ ಹಾಡು ಅವರ ಕೈಯಲ್ಲಿ ಆತುರವಿಲ್ಲದ, ತೇಲುವ ಲಯಕ್ಕೆ ಬಂತು. ತಬಲಾದ ಜಾಗದಲ್ಲಿ ಬೇಸ್ ಗಿಟಾರ್ ಮತ್ತು ಡ್ರಮ್ಸ್ ನೆಲ ಹಾಸುತ್ತವೆ, ಪಿಟೀಲು ಹೊಗೆಯಂತೆ ಮೇಲೇಳುತ್ತದೆ. ಪಲ್ಲವಿ ಮತ್ತೆ ಮತ್ತೆ ಬರುವಾಗ ಪ್ರತಿಸಲವೂ ವಾದ್ಯ ಒಂದಿಷ್ಟು ದಟ್ಟವಾಗುತ್ತದೆ. ಭಜನೆ ಕಾವೇರುವ ಕ್ರಮವೂ ಇದೇ. ರಾಕ್ ಸಂಗೀತಕ್ಕೂ ತತ್ತ್ವಪದಕ್ಕೂ ಸಾಮಾನ್ಯವಾದದ್ದು ಈ ಪುನರಾವರ್ತನೆ ಎಂಬುದನ್ನು ಅವರು ಸರಿಯಾಗಿ ಗುರುತಿಸಿದ್ದರು. ಎರಡರಲ್ಲೂ ಕೇಳುಗ ಪಲ್ಲವಿಗೆ ದನಿ ಸೇರಿಸದೆ ಹಾಡು ಪೂರ್ತಿಯಾಗುವುದಿಲ್ಲ. ಗುಡುಗುಡಿ ಸೇದುವ ಮಾತು ಕಾಲೇಜು ಹುಡುಗರಿಗೆ ಬೇರೆ ಕಾರಣಕ್ಕೂ ಖುಷಿ ಕೊಟ್ಟಿತು ಅನ್ನಿ. ಷರೀಫರು ಅದಕ್ಕೆ ಬೇಸರಪಡುತ್ತಿದ್ದರು ಎಂದೇನೂ ಅನ್ನಿಸುವುದಿಲ್ಲ. ಎರಡು ಅರ್ಥಗಳ ನಡುವಿನ ಆಟವೇ ಅವರ ಕಸುಬು.

2005ರ ಸುಮಾರಿಗೆ ಅಂತರಾಗ್ನಿ ಮುಗಿಯಿತು. ಅದರ ಬೆನ್ನಿಗೇ ಬಂದ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಮೊದಮೊದಲು ಖಾಯಂ ತಂಡವಾಗಿರಲಿಲ್ಲ. ನಾನಾ ಬಗೆಯ ವಾದಕರು ಬಂದು ಸೇರಿ ನುಡಿಸಿ ಹೋಗಬಹುದಾದ ಬಾಗಿಲು ತೆರೆದ ಮನೆಯಂತೆ ಅದನ್ನು ಕಲ್ಪಿಸಲಾಗಿತ್ತು. ಬೇಸ್ ಗಿಟಾರ್ ನುಡಿಸುತ್ತಿದ್ದ ಗೌರವ್ ವಾಜ್ ತಂಡದ ವ್ಯವಹಾರವನ್ನೂ ನೋಡಿಕೊಂಡರು. ಬ್ಯಾಂಡ್ ಎಂದರೆ ಗೆಳೆಯರ ಗುಂಪು, ಯಾರಾದರೂ ಕರೆದರೆ ಹೋಗಿ ನುಡಿಸುವುದು ಎಂಬ ರೂಢಿಯಿಂದ, ಕಾರ್ಯಕ್ರಮಗಳನ್ನು ಹುಡುಕಿ ಲೆಕ್ಕ ಇಟ್ಟು ನಡೆಸುವ ವೃತ್ತಿಯತ್ತ ತಂಡ ಹೊರಳಿದ್ದು ಈ ಹಂತದಲ್ಲಿ. ಇಂಥ ವಿವರ ಸಂಗೀತದ ಚರ್ಚೆಯಲ್ಲಿ ಬರುವುದು ಕಡಿಮೆ. ಒಳ್ಳೆಯ ತಂಡಗಳು ಉಳಿಯದೆ ಹೋದದ್ದರ ಹಿಂದೆ ಹೆಚ್ಚಾಗಿ ಇರುವುದು ಇದರ ಕೊರತೆಯೇ.

ಅವಕಾಶ ಅರಸಿ ರಘು ಮುಂಬೈಗೆ ಹೋದರು. ಆ ಕಾಯುವಿಕೆಯ ದಿನಗಳು ‘ಐ ಆಮ್ ಇನ್ ಮುಂಬೈ ವೇಟಿಂಗ್ ಫಾರ್ ಎ ಮಿರಾಕಲ್’ ಎಂಬ ಇಂಗ್ಲಿಷ್ ಹಾಡಿನಲ್ಲಿ ಹೆಸರಿನ ಸಮೇತ ದಾಖಲಾಗಿವೆ. ಅಲ್ಲಿನ ಒಂದು ಕಾರ್ಯಕ್ರಮದಲ್ಲಿ ಹಿಂದಿ ಚಿತ್ರರಂಗದ ಸಂಗೀತ ನಿರ್ದೇಶಕರಾದ ವಿಶಾಲ್ ದದ್ಲಾನಿ ಮತ್ತು ಶೇಖರ್ ರಾವ್ಜಿಯಾನಿ ರಘು ಅವರ ಹಾಡು ಕೇಳಿದರು. ‘ಓಂ ಶಾಂತಿ ಓಂ’ (2007) ಚಿತ್ರದ ಸಂಗೀತದಿಂದ ಈ ಜೋಡಿ ಆಗ ಮನೆಮಾತಾಗಿತ್ತು. ವಿಶಾಲ್ ಸ್ವತಃ ಮುಂಬೈಯ ‘ಪೆಂಟಗ್ರಾಮ್’ ಎಂಬ ರಾಕ್ ತಂಡದ ಗಾಯಕ. ಕಂಪನಿಗಳಿಗೆ ಅಲೆಯುವ ತಂಡದ ಪಾಡು ಅವರಿಗೆ ಗೊತ್ತಿದ್ದದ್ದೇ. ಇಬ್ಬರೂ ಸೇರಿ ‘ಕೌಂಟರ್ ಕಲ್ಚರ್ ರೆಕಾರ್ಡ್ಸ್’ ಎಂಬ ತಮ್ಮ ಲೇಬಲ್ಲಿನಿಂದ ಆಲ್ಬಮ್ ತರಲು ಮುಂದಾದರು. 2008ರಲ್ಲಿ ‘ಅಂತರಾಗ್ನಿ – ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಬಿಡುಗಡೆಯಾಯಿತು.

ಆಲ್ಬಮ್ಮಿನಲ್ಲಿ ಮೂರೂ ಭಾಷೆಗಳಿದ್ದವು. ‘ಮೈಸೂರ್ ಸೆ ಆಯಿ’, ‘ಹೇ ಭಗವಾನ್’, ‘ಖಿಡ್ಕಿ’, ‘ಹರ್ ಸಾಂಸ್ ಮೇ’ ಹಿಂದಿಯವು. ಇಂಗ್ಲಿಷಿನಲ್ಲಿ ಮುಂಬೈಯ ಹಾಡಲ್ಲದೆ ‘ನೋ ಮ್ಯಾನ್ ವಿಲ್ ಎವರ್ ಲವ್ ಯೂ ಲೈಕ್ ಐ ಡು’ ಇತ್ತು. ಕನ್ನಡದ ಪಾಲಿಗೆ ಬಂದದ್ದು ಷರೀಫರ ‘ಗುಡುಗುಡಿಯಾ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’. ಮೈಸೂರಿನಿಂದ ಬಂದ ಹುಡುಗಿಯ ಮೇಲಿನ ಹಾಡು ದೇಶದಾದ್ಯಂತ ಟಿವಿ, ರೇಡಿಯೊಗಳಲ್ಲಿ ಕೇಳಿಸಿತು; ಆಲ್ಬಮ್ ಆ ವರ್ಷ ಹೆಚ್ಚು ಮಾರಾಟವಾದ ಸಿನಿಮೇತರ ಆಲ್ಬಮ್ಮುಗಳ ಸಾಲಿಗೆ ಸೇರಿತು. ವೇದಿಕೆಯ ಮೇಲೆ ಈ ತಂಡವನ್ನು ಕೇಳಿದವರಿಗೆ ಡಿಸ್ಕ್ ತುಸು ನಯವಾಗಿ, ಒಪ್ಪಓರಣವಾಗಿ ಕೇಳಿಸಿದ್ದು ನಿಜ. ಸ್ಟುಡಿಯೊದಲ್ಲಿ ವಾದ್ಯಗಳನ್ನು ಬೇರೆ ಬೇರೆ ಪದರಗಳಲ್ಲಿ ಹಿಡಿದು ಜೋಡಿಸುವ ಕ್ರಮದಲ್ಲಿ ತಪ್ಪು ತಿದ್ದುವುದು ಸುಲಭ, ಆದರೆ ಎದುರಿಗೆ ಕುಣಿಯುವ ಜನರಿಂದ ಬರುವ ಬಿಸಿ ಆ ಪದರಗಳಲ್ಲಿ ಸಿಗುವುದಿಲ್ಲ. ಹತ್ತು ವರ್ಷ ಜನರ ನಡುವೆ ಬೆಳೆದ ಹಾಡುಗಳಿಗೆ ಈ ನಷ್ಟ ಎದ್ದು ಕಾಣುವಂಥದು. ಷರೀಫರ ಎರಡು ಪದಗಳು ಮಾತ್ರ ಡಿಸ್ಕಿನಲ್ಲೂ ಸೊರಗಲಿಲ್ಲ. ಆಲ್ಬಮ್ಮಿನ ಅತ್ಯುತ್ತಮ ಭಾಗ ಅವೇ ಎನ್ನಲು ಕನ್ನಡದ ಅಭಿಮಾನ ಬೇಕಿಲ್ಲ. ಉಳಿದವುಗಳ ಸಾಹಿತ್ಯ ಅವುಗಳ ಪಕ್ಕದಲ್ಲಿ ತೆಳುವಾಗಿ ಕಾಣುತ್ತದೆ.

ಒಂದು ಕೊರತೆಯನ್ನೂ ಗುರುತಿಸಬೇಕು. ರಾಕ್ ಬ್ಯಾಂಡೊಂದು ತನ್ನ ಕಾಲದ ಕನ್ನಡದಲ್ಲಿ, ತನ್ನದೇ ಮಾತಿನಲ್ಲಿ ಕಟ್ಟಿದ ಹಾಡು ಈ ಆಲ್ಬಮ್ಮಿನಲ್ಲಿರಲಿಲ್ಲ. ಕನ್ನಡವೆಂದಾಗ ಕೈ ಹತ್ತೊಂಬತ್ತನೆಯ ಶತಮಾನದ ಕಡೆಗೆ ಚಾಚಿತು. ರಘು ಹೊಸ ಕನ್ನಡ ಸಾಹಿತ್ಯಕ್ಕೆ ರಾಗ ಹಾಕಿದ್ದು ಸಿನಿಮಾದ ಮೂಲಕ. 2008ರಲ್ಲೇ ಬಂದ ‘ಸೈಕೊ’ ಅವರು ಸಂಗೀತ ನೀಡಿದ ಮೊದಲ ಚಿತ್ರ. ಅದರಲ್ಲಿ ಮಲೆ ಮಹದೇಶ್ವರನನ್ನು ಕರೆಯುತ್ತ ಅವರೇ ಹಾಡಿದ ‘ನಿನ್ನ ಪೂಜೆಗೆ ಬಂದೆ ಮಹದೇಶ್ವರ’ ಚಿತ್ರಕ್ಕಿಂತ ದೊಡ್ಡದಾಗಿ ಬೆಳೆಯಿತು. ದೇವರ ಗುಡ್ಡರು ಕಂಸಾಳೆ ಹಿಡಿದು ಹಾಡುವ ಮಹದೇಶ್ವರನ ಕಾವ್ಯಪರಂಪರೆಯ ಲಯ, ಡ್ರಮ್ಸ್ ಮತ್ತು ಗಿಟಾರಿನ ನಡುವೆ ನುಗ್ಗಿ ಬಂದ ಹಾಡದು. ಪ್ರಾಜೆಕ್ಟ್‌ನ ಕಾರ್ಯಕ್ರಮಗಳಲ್ಲಿ ಜನ ಕೂಗಿ ಕೇಳುವ ಹಾಡಾಯಿತು. ಜಾತ್ರೆಯ ಆರ್ಕೆಸ್ಟ್ರಾಗಳೂ ಎತ್ತಿಕೊಂಡವು. ಮುಂಬೈ ಲೇಬಲ್ಲಿನ ಡಿಸ್ಕ್ ಕಾಣದ ಊರುಗಳಿಗೂ ರಘು ದೀಕ್ಷಿತರ ದನಿ ತಲುಪಿದ್ದು ಈ ಹಾಡಿನಿಂದ. ಸುದೀಪ್ ನಟಿಸಿ ನಿರ್ದೇಶಿಸಿದ ‘ಜಸ್ಟ್ ಮಾತ್ ಮಾತಲ್ಲಿ’ (2010) ಚಿತ್ರದ ಸಂಗೀತ ಇದರ ನಂತರದ್ದು.

ಹೊಸ ಕನ್ನಡ ಹಾಡಿನ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬಿದ್ದು ಅದೇ ಮನೆಯ ಮತ್ತೊಂದು ತಂಡ. ರಘು ಅವರ ತಮ್ಮ ವಾಸು ದೀಕ್ಷಿತ್ 2002ರಲ್ಲಿ ಮೈಸೂರಿನಲ್ಲಿ ‘ಸ್ವರಾತ್ಮ’ ಕಟ್ಟಿದರು. ಬೇಸ್ ಗಿಟಾರಿನ ಜಿಷ್ಣು ದಾಸ್‌ಗುಪ್ತಾ, ಪಿಟೀಲಿನ ಸಂಜೀವ್ ನಾಯಕ್, ತಾಳವಾದ್ಯದ ಕೆ.ಜೆ. ಪವನ್ ಕುಮಾರ್, ಡ್ರಮ್ಸಿನ ಮೊಂಟ್ರಿ ಮ್ಯಾನುಯಲ್, ಗಿಟಾರಿನ ವರುಣ್ ಮುರಳಿ ಸೇರಿಕೊಂಡಂತೆ ತಂಡ ಗಟ್ಟಿಯಾಯಿತು. 2006ರಲ್ಲಿ ‘ರೇಡಿಯೊ ಸಿಟಿ ಲೈವ್’ ಎಂಬ ರಾಷ್ಟ್ರಮಟ್ಟದ ಸ್ಪರ್ಧೆ ಗೆದ್ದದ್ದು ಅವರಿಗೆ ಹೆಸರು ತಂದಿತು. ವೇದಿಕೆಯ ಮೇಲೆ ಸೊಂಟಕ್ಕೆ ಬೊಂಬೆ ಕುದುರೆ ಕಟ್ಟಿಕೊಂಡು ಕುಣಿಯುವ ವಾಸು ಅವರ ರೀತಿ ನಮ್ಮ ಜಾತ್ರೆಗಳ ಕೀಲುಕುದುರೆಯಿಂದ ಬಂದದ್ದೆಂದು ಯಾರಿಗಾದರೂ ಹೊಳೆಯುತ್ತದೆ.

2009ರಲ್ಲಿ ಬಂದ ಸ್ವರಾತ್ಮದ ಮೊದಲ ಆಲ್ಬಮ್ಮಿಗೆ ತಂಡದ ಹೆಸರೇ ಹೆಸರು. ಹೆಚ್ಚಿನ ಹಾಡುಗಳು ಹಿಂದಿಯಲ್ಲಿದ್ದರೂ ‘ಈ ಭೂಮಿ’ ಎಂಬ ಕನ್ನಡದ ಸ್ವಂತ ಹಾಡು ಅದರಲ್ಲಿತ್ತು. ‘ಪ್ಯಾಸಿ’ ಎಂಬ ಹಾಡಿನಲ್ಲಿ ಕಾವೇರಿ ನದಿಯೇ ಮಾತಾಡುತ್ತದೆ. ತನಗಾಗಿ ಎರಡು ರಾಜ್ಯಗಳು ಕಾದಾಡುವುದನ್ನು ನೋಡಿ ದಣಿದ ನದಿ ಅದು. ಕಾವೇರಿ ಸೀಮೆಯಿಂದ ಬಂದ ತಂಡ ಈ ವಿಷಯವನ್ನು ಯಾರ ಪಕ್ಷವನ್ನೂ ವಹಿಸದೆ ನದಿಯ ಬಾಯಲ್ಲಿ ಆಡಿಸಿದ್ದು ಸಣ್ಣ ಸಾಹಸವೇನಲ್ಲ. ಅದೇ ವರ್ಷ ಬ್ರಿಟಿಷ್ ಕೌನ್ಸಿಲಿನ ‘ಸೌಂಡ್‌ಪ್ಯಾಡ್’ ಯೋಜನೆಗೆ ಆಯ್ಕೆಯಾದ ನಾಲ್ಕು ಭಾರತೀಯ ತಂಡಗಳಲ್ಲಿ ಸ್ವರಾತ್ಮವೂ ಒಂದು. ರೇಡಿಯೊಹೆಡ್ ತಂಡದ ‘ದಿ ಬೆಂಡ್ಸ್’ (1995), ಸ್ಟೋನ್ ರೋಸಸ್ ತಂಡದ ಮೊದಲ ಆಲ್ಬಮ್ (1989) ರೂಪಿಸಿದ ಜಾನ್ ಲೆಕಿ ಈ ತಂಡಗಳ ಧ್ವನಿಮುದ್ರಣಕ್ಕೆ ನಿಂತರು. ಜೊತೆಗೆ ಬ್ರಿಟನ್ ಪ್ರವಾಸವೂ ಆಯಿತು. 2011ರ ‘ದಿ ದೇವಾರಿಸ್ಟ್ಸ್’ ಟಿವಿ ಸರಣಿಯಲ್ಲಿ ಹಿಂದೂಸ್ತಾನಿ ಗಾಯಕಿ ಶುಭಾ ಮುದ್ಗಲ್ ಜೊತೆ ಈ ತಂಡ ಹಾಡಿತು. ಅಣ್ಣನ ತಂಡ ಒಬ್ಬ ಗಾಯಕನ ಸುತ್ತ ತಿರುಗಿದರೆ ತಮ್ಮನದು ಕೂಡಿ ಹಾಡು ಕಟ್ಟುವ ತಂಡವಾಗಿ ಬೆಳೆಯಿತು. ಎರಡರ ಧ್ವನಿಮುದ್ರಣಗಳನ್ನು ಒಂದಾದ ಮೇಲೊಂದು ಕೇಳಿದರೆ ಈ ವ್ಯತ್ಯಾಸ ಮೊದಲ ಎರಡು ಹಾಡುಗಳಲ್ಲೇ ತಿಳಿಯುತ್ತದೆ.

ಪ್ರಾಜೆಕ್ಟ್‌ನ ಮುಂದಿನ ತಿರುವೂ ಬ್ರಿಟನ್ನಿನಲ್ಲೇ ನಡೆಯಿತು. 2010ರಲ್ಲಿ ಬಿಬಿಸಿಯ ‘ಲೇಟರ್ ವಿತ್ ಜೂಲ್ಸ್ ಹಾಲೆಂಡ್’ ಕಾರ್ಯಕ್ರಮಕ್ಕೆ ತಂಡವನ್ನು ಕರೆಯಲಾಯಿತು. ಒಂದೇ ಸ್ಟುಡಿಯೊದಲ್ಲಿ ಸುತ್ತಲೂ ನಿಂತ ಹಲವು ತಂಡಗಳು ಸರದಿಯ ಮೇಲೆ ನುಡಿಸುವ ಕಾರ್ಯಕ್ರಮ ಅದು. ಹೆಸರಾಂತರು, ಹೊಸಬರು ಎಂಬ ಭೇದ ಅಲ್ಲಿ ವೇದಿಕೆಯ ಎತ್ತರದಲ್ಲಿ ಕಾಣುವುದಿಲ್ಲ. ಪ್ರಸಾರದ ನಂತರ, ಎರಡು ವರ್ಷ ಹಳೆಯದಾದ ‘ಅಂತರಾಗ್ನಿ’ ಆಲ್ಬಮ್ ಬ್ರಿಟನ್ನಿನ ಐಟ್ಯೂನ್ಸ್ ಅಂಗಡಿಯ ವಿಶ್ವಸಂಗೀತದ ಪಟ್ಟಿಯಲ್ಲಿ ಮೇಲೇರಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆ ತಂಡಕ್ಕೆ ಅತ್ಯುತ್ತಮ ಹೊಸಬರ ಪ್ರಶಸ್ತಿ ನೀಡಿತು. ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಅವರ ಕಾರ್ಯಕ್ರಮ ನಡೆಯಿತು. 2012ರಲ್ಲಿ ರಾಣಿ ಎಲಿಜಬೆತ್ ಅವರ ಆಳ್ವಿಕೆಯ ವಜ್ರಮಹೋತ್ಸವಕ್ಕಾಗಿ ವಿಂಡ್ಸರ್‌ನಲ್ಲಿ ನಡೆದ ಪ್ರದರ್ಶನದಲ್ಲೂ ಲುಂಗಿ ಮತ್ತು ಗೆಜ್ಜೆಯ ತಂಡವಿತ್ತು. ಹತ್ತು ವರ್ಷ ಮೈಸೂರು, ಬೆಂಗಳೂರು, ಮುಂಬೈಗಳ ನಡುವೆ ಅಲೆದವರನ್ನು ಹೊಸಬರೆಂದು ಕರೆದದ್ದರಲ್ಲಿ ಬ್ರಿಟನ್ನಿನ ಪತ್ರಿಕೆಯ ತಪ್ಪೇನೂ ಇಲ್ಲ. ಅವರ ಕೈಗೆ ಸಿಕ್ಕಿದ್ದ ಡಿಸ್ಕ್ ಒಂದೇ.

ಈ ಯಶಸ್ಸಿಗೆ ಮತ್ತೊಂದು ಕಾರಣ ಕಾಲದ್ದು. 2008ರ ಹೊತ್ತಿಗೆ ಭಾರತದಲ್ಲಿ ಡಿಸ್ಕ್ ಮಾರುವ ಅಂಗಡಿಗಳು ಸೊರಗತೊಡಗಿದ್ದವು. ಹಾಡುಗಳು ಫೋನಿಗೆ, ಯೂಟ್ಯೂಬಿಗೆ ಹೋದವು. ಭಾಷೆಗೊಂದು ಸಾಲು ಎಂಬ ಕಪಾಟಿನ ಲೆಕ್ಕಾಚಾರ ಅ‍ಲ್ಲಿ ನಡೆಯುವುದಿಲ್ಲ. ಮೂರು ಭಾಷೆಯ ತಂಡಕ್ಕೆ ಅಡ್ಡಿಯಾಗಿದ್ದದ್ದೇ ಈಗ ಮೂರು ಕಡೆಯ ಕೇಳುಗರನ್ನು ತಂದುಕೊಟ್ಟಿತು. ಕಾರ್ಯಕ್ರಮದ ವಿಡಿಯೊಗಳು ಹರಡಿದ್ದರಿಂದ, ಸ್ಟುಡಿಯೊ ಹಿಡಿಯಲಾರದ ವೇದಿಕೆಯ ಬಿಸಿಯೂ ದೂರದವರಿಗೆ ಸಿಕ್ಕಿತು. ತಂಡದ ಆದಾಯ ಮೊದಲಿನಿಂದಲೂ ಕಾರ್ಯಕ್ರಮಗಳದೇ ಆಗಿದ್ದರಿಂದ, ಧ್ವನಿಮುದ್ರಣದ ವ್ಯಾಪಾರ ಕುಸಿದದ್ದು ದೊಡ್ಡ ಕಂಪನಿಗಳಿಗೆ ತಟ್ಟಿದಷ್ಟು ಇವರಿಗೆ ತಟ್ಟಲಿಲ್ಲ.

ಎರಡನೆಯ ಆಲ್ಬಮ್ಮುಗಳು ಹತ್ತಿರ ಹತ್ತಿರದಲ್ಲೇ ಬಂದವು. ಸ್ವರಾತ್ಮದ ‘ಟೋಪಿವಾಲೆ’ 2012ರಲ್ಲಿ ಹೊರಬಂತು. ಅದನ್ನು ರೂಪಿಸಿದವರು ಶಂಕರ್-ಎಹ್ಸಾನ್-ಲಾಯ್ ಕೂಟದ ಲಾಯ್ ಮೆಂಡೋನ್ಸಾ. ರಾಜಕಾರಣಿಗಳು ಜನರಿಗೆ ಟೋಪಿ ಹಾಕುವ ಶೀರ್ಷಿಕೆ ಹಾಡು ಆ ವರ್ಷಗಳ ಭ್ರಷ್ಟಾಚಾರ ವಿರೋಧಿ ಬಿಸಿಗೆ ಹೊಂದಿಕೊಂಡಿತು. ರಘು ದೀಕ್ಷಿತ್ ಪ್ರಾಜೆಕ್ಟ್‌ನ ‘ಜಗ್ ಚಂಗಾ’ ಬಂದದ್ದು 2013ರಲ್ಲಿ, ಮೊದಲ ಆಲ್ಬಮ್ಮಿನ ಐದು ವರ್ಷದ ನಂತರ. ಇಷ್ಟು ಹೊತ್ತಿಗೆ ಬಂದು ಹೋಗುವವರ ಮನೆಯಾಗಿದ್ದ ಪ್ರಾಜೆಕ್ಟ್ ನಿಶ್ಚಿತ ಸದಸ್ಯರ ಬ್ಯಾಂಡಾಗಿ ಮಾರ್ಪಟ್ಟಿತ್ತು, ವಾದ್ಯಗಳ ನಡುವಿನ ಸಂಭಾಷಣೆಯಲ್ಲೂ ಅದರ ಗುರುತಿತ್ತು. ಮೊದಲ ಆಲ್ಬಮ್ಮಿನಲ್ಲಿ ಕಂಠದ ಹಿಂದೆ ಸಾಲಾಗಿ ನಿಂತಿದ್ದ ವಾದ್ಯಗಳು ಇಲ್ಲಿ ಮುಂದೆ ಬಂದು ಮಾತಾಡುತ್ತವೆ. ಕನ್ನಡಕ್ಕಾಗಿ ತಂಡ ಮತ್ತೆ ಷರೀಫರ ಬಳಿಗೇ ಹೋಯಿತು. ‘ಲೋಕದ ಕಾಳಜಿ’ ಆ ಆಲ್ಬಮ್ಮಿನ ಹೆಚ್ಚು ಜನಪ್ರಿಯ ಹಾಡುಗಳಲ್ಲಿ ಒಂದಾಯಿತು, ಅದರ ವಿಡಿಯೊವನ್ನು ಕನ್ನಡ ಬಾರದವರೂ ಹುಡುಕಿ ನೋಡಿದರು.